ಲೆಕ್ಕ ಮೊದಲು, ನೋಟ ಆಮೇಲೆ: ಕಡಲಿನಲ್ಲಿ ನಕ್ಷತ್ರ, ಗ್ರಹಗಳನ್ನು ಗುರುತಿಸುವ ಬಗೆ

ನಕ್ಷತ್ರ ನೋಡಿ ಹಡಗು ನಡೆಸುವುದು ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ನಟ್ಟಿರುಳು, ಕಪ್ಪು ಕಡಲು, ತಲೆಯ ಮೇಲೆ ಕಿಕ್ಕಿರಿದ ಚುಕ್ಕಿಗಳು ಮತ್ತು ಬೆರಳು ಚಾಚಿ ಸಪ್ತರ್ಷಿ ಮಂಡಲವನ್ನು ತೋರಿಸುವ ಹಳೆಯ ನಾವಿಕ. ನಿಜವಾದ ಕೆಲಸ ನಡೆಯುವ ಹೊತ್ತಿನಲ್ಲಿ ಇದ್ಯಾವುದೂ ಇರುವುದಿಲ್ಲ. ನಾವಿಕ ಬಳಸುವ ಸೆಕ್ಸ್ಟೆಂಟ್ ಎಂಬ ಉಪಕರಣ ಅಳೆಯುವುದು ದಿಗಂತದಿಂದ ನಕ್ಷತ್ರದವರೆಗಿನ ಕೋನವನ್ನು. ನಡುರಾತ್ರಿಯಲ್ಲಿ ನಕ್ಷತ್ರಗಳು ಸಾವಿರ ಇದ್ದರೂ ಕಡಲು ಆಕಾಶವನ್ನು ಮುಟ್ಟುವ ಗೆರೆ ಕಾಣದು. ಹಗಲಿನಲ್ಲಿ ಗೆರೆ ಚೆನ್ನಾಗಿ ಕಂಡರೂ ನಕ್ಷತ್ರಗಳಿಲ್ಲ. ಎರಡೂ ಒಟ್ಟಿಗೆ ಕಾಣುವುದು ಸೂರ್ಯ ದಿಗಂತದ ಕೆಳಗೆ ಸುಮಾರು 6ರಿಂದ 12 ಡಿಗ್ರಿಯಷ್ಟು ಇಳಿದಿರುವ ಮುಸ್ಸಂಜೆಯಲ್ಲಿ ಮತ್ತು ಅದೇ ಅಳತೆಯ ಮುಂಜಾವಿನಲ್ಲಿ ಮಾತ್ರ. ನಮ್ಮ ಕರಾವಳಿಯ ಅಕ್ಷಾಂಶಗಳಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ನೆಟ್ಟಗೆ ಮುಳುಗುವುದರಿಂದ ಈ ಅವಧಿ ಬಹಳ ಚಿಕ್ಕದು. 13 ಡಿಗ್ರಿ ಉತ್ತರದಲ್ಲಿ, ಜನವರಿಯ ನಡುವಿನಲ್ಲಿ, ಅದು ಸುಮಾರು 26 ನಿಮಿಷ.

ಆ 26 ನಿಮಿಷಗಳಲ್ಲಿ, ಅದರಲ್ಲೂ ಮೊದಲರ್ಧದಲ್ಲಿ, ಕಾಣುವುದು ಬೆರಳೆಣಿಕೆಯ ಪ್ರಕಾಶಮಾನ ಚುಕ್ಕಿಗಳಷ್ಟೇ. ಮಸುಕು ನಕ್ಷತ್ರಗಳು ಇನ್ನೂ ಬೆಳಕಿನಲ್ಲಿ ಮುಳುಗಿರುವುದರಿಂದ ಚೇಳಿಗೆ ಬಾಲವಿರುವುದಿಲ್ಲ, ಸಿಂಹಕ್ಕೆ ತಲೆಯಿರುವುದಿಲ್ಲ. ಆಕೃತಿಯ ನೆನಪಿನಿಂದಲೇ ನಕ್ಷತ್ರ ಗುರುತಿಸಲು ಕಲಿತವನಿಗೆ ಈ ಆಕಾಶ ಅಪರಿಚಿತವೆನಿಸುತ್ತದೆ. ಆದ್ದರಿಂದ ನಾವಿಕ ಗುರುತಿಸುವ ಕ್ರಮವನ್ನೇ ತಿರುಗಿಸಿಕೊಂಡಿದ್ದಾನೆ: ಕಂಡ ಚುಕ್ಕಿಗೆ ಹೆಸರು ಹುಡುಕುವ ಬದಲು, ಇಂಥ ಹೆಸರಿನ ನಕ್ಷತ್ರ ಇಷ್ಟು ಗಂಟೆಗೆ ಇಂಥ ದಿಕ್ಕಿನಲ್ಲಿ ಇಷ್ಟು ಎತ್ತರದಲ್ಲಿ ಇರಬೇಕು ಎಂದು ಹಗಲಿನಲ್ಲೇ ಲೆಕ್ಕ ಹಾಕಿಟ್ಟು, ಸಂಜೆ ಅಲ್ಲಿಯೇ ಹೋಗಿ ನೋಡುತ್ತಾನೆ.

ಅಷ್ಟಕ್ಕೂ ಅದು ಯಾವ ನಕ್ಷತ್ರ ಎಂಬುದು ಏಕೆ ಮುಖ್ಯ? ಪ್ರತಿಯೊಂದು ನಕ್ಷತ್ರವೂ ಯಾವುದೇ ಕ್ಷಣದಲ್ಲಿ ಭೂಮಿಯ ಮೇಲಿನ ಒಂದೇ ಒಂದು ಬಿಂದುವಿನ ನೆತ್ತಿಯ ಮೇಲೆ ಇರುತ್ತದೆ. ಆ ಬಿಂದುವಿನಲ್ಲಿ ನಿಂತವನಿಗೆ ಅದರ ಉನ್ನತಿ, ಅಂದರೆ ದಿಗಂತದಿಂದ ಅಳೆದ ಎತ್ತರ, 90 ಡಿಗ್ರಿ. ಅಲ್ಲಿಂದ ದೂರ ಸರಿದಂತೆ ನಕ್ಷತ್ರ ಕೆಳಗಿಳಿಯುತ್ತದೆ, ಮತ್ತು ಇಳಿಯುವ ಪ್ರಮಾಣ ಖಚಿತ: ಒಂದು ಡಿಗ್ರಿ ಇಳಿದರೆ 60 ನಾಟಿಕಲ್ ಮೈಲಿ, ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಒಂದು ಕಲೆ ಇಳಿದರೆ ಒಂದು ನಾಟಿಕಲ್ ಮೈಲಿ, ಎಂದರೆ 1852 ಮೀಟರು. ಹೀಗಾಗಿ ಉನ್ನತಿಯನ್ನು ಅಳೆಯುವುದೆಂದರೆ ಆ ಬಿಂದುವಿನಿಂದ ತನಗಿರುವ ದೂರವನ್ನು ಅಳೆದಂತೆಯೇ. ಜನವರಿ 15ರ ಸಂಜೆ ಭಾರತೀಯ ಕಾಲಮಾನ 7 ಗಂಟೆ 10 ನಿಮಿಷಕ್ಕೆ, 13 ಡಿಗ್ರಿ ಉತ್ತರ, 72 ಡಿಗ್ರಿ ಪೂರ್ವದಲ್ಲಿ, ಅಂದರೆ ಮಂಗಳೂರಿನ ಪಶ್ಚಿಮಕ್ಕೆ ಅರಬ್ಬೀ ಸಮುದ್ರದಲ್ಲಿರುವ ಹಡಗಿನಿಂದ ಬ್ರಹ್ಮಹೃದಯ ನಕ್ಷತ್ರವು ಸುಮಾರು 38 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಆ ಹೊತ್ತಿಗೆ ಅದು ನೆತ್ತಿಯ ಮೇಲಿರುವುದು ಚೀನಾದ ಒಳ ಮಂಗೋಲಿಯಾದ ಒಂದು ಬಿಂದುವಿಗೆ. ಹಡಗು ಅಲ್ಲಿಂದ 52 ಡಿಗ್ರಿ, ಅಂದರೆ ಸುಮಾರು 3120 ನಾಟಿಕಲ್ ಮೈಲಿ ದೂರದ ಒಂದು ದೊಡ್ಡ ವೃತ್ತದ ಮೇಲೆ ಎಲ್ಲೋ ಇದೆ. ಇನ್ನೊಂದು ನಕ್ಷತ್ರ ಇನ್ನೊಂದು ವೃತ್ತವನ್ನು ಕೊಡುತ್ತದೆ. ಎರಡೂ ಕತ್ತರಿಸುವಲ್ಲಿ ಹಡಗು. ಮೂರನೆಯದು ಅಳತೆಯ ತಪ್ಪನ್ನು ಹಿಡಿಯಲು.

ವೃತ್ತದ ಕೇಂದ್ರವನ್ನು ಹೇಳುವುದು ನಕ್ಷತ್ರದ ಹೆಸರು. ಹೆಸರು ತಪ್ಪಿದರೆ ಕೇಂದ್ರ ಒಳ ಮಂಗೋಲಿಯಾದಿಂದ ಸ್ಪೇನಿನ ಆಚೆಯ ಕಡಲಿಗೆ ಹಾರಬಹುದು. ಆದರೆ ಇಂಥ ದೊಡ್ಡ ತಪ್ಪು ಅಷ್ಟೊಂದು ಅಪಾಯಕಾರಿಯಲ್ಲ ಎಂಬುದು ಗಮನಿಸಬೇಕಾದ ಸಂಗತಿ, ಏಕೆಂದರೆ ಹಡಗು ಮರುಭೂಮಿಯಲ್ಲಿದೆ ಎಂದು ಉತ್ತರ ಬಂದಾಗ ಯಾರೂ ಅದನ್ನು ನಂಬುವುದಿಲ್ಲ. ಹತ್ತಿರಹತ್ತಿರದಲ್ಲಿದ್ದು ನೋಡಲೂ ಒಂದೇ ಬಗೆಯಾಗಿರುವ ಜೋಡಿಗಳೇ ನಿಜವಾಗಿ ಮೋಸ ಮಾಡುವಂಥವು. ಅವುಗಳ ಮಾತಿಗೆ ಆಮೇಲೆ ಬರೋಣ.

ನಾವಿಕರ ಕೈಪಿಡಿಯಾದ ನಾಟಿಕಲ್ ಆಲ್ಮನ್ಯಾಕ್, ಒಂದರ್ಥದಲ್ಲಿ ಹಡಗಿನ ಪಂಚಾಂಗ, ದಿನನಿತ್ಯದ ಬಳಕೆಗೆಂದು 57 ನಕ್ಷತ್ರಗಳನ್ನು ಆರಿಸಿಕೊಂಡಿದೆ. ಅದರ ಜೊತೆಗೆ ಶುಕ್ರ, ಮಂಗಳ, ಗುರು, ಶನಿ ಎಂಬ ನಾಲ್ಕು ಗ್ರಹಗಳು. ಧ್ರುವನಿಗೆ ಬೇರೆಯೇ ಕೋಷ್ಟಕವಿರುವುದರಿಂದ ಅವನು ಈ 57ರಲ್ಲಿ ಸೇರಿಲ್ಲ. ಆಯ್ಕೆಯ ಆಧಾರ ಕೇವಲ ಪ್ರಕಾಶವಲ್ಲ. ಆಕಾಶದ ಯಾವ ಮೂಲೆಯೂ ಖಾಲಿ ಉಳಿಯಬಾರದು ಎಂಬುದೂ ಹೌದು. ಮಿಥುನ ರಾಶಿಯ ಎರಡು ನಕ್ಷತ್ರಗಳಲ್ಲಿ ಪೊಲಕ್ಸ್ ಪಟ್ಟಿಯಲ್ಲಿದೆ, ಅದಕ್ಕಿಂತ ಸ್ವಲ್ಪ ಮಸುಕಾದ, ನಾಲ್ಕೂವರೆ ಡಿಗ್ರಿ ಆಚೆಗಿರುವ ಕ್ಯಾಸ್ಟರ್ ಇಲ್ಲ. ಆದರೆ ಕ್ಯಾಸ್ಟರ್‌ಗಿಂತ ಎಷ್ಟೋ ಮಸುಕಾದ ಅಕಾಮರ್, ಸುತ್ತ ಬೇರೆ ಒಳ್ಳೆಯ ನಕ್ಷತ್ರಗಳಿಲ್ಲದ ದಕ್ಷಿಣಾಕಾಶದ ಜಾಗದಲ್ಲಿರುವ ಕಾರಣಕ್ಕೆ, ಸ್ಥಾನ ಪಡೆದಿದೆ.

ಪಟ್ಟಿಯ ಹೆಸರುಗಳಲ್ಲಿ ಬಹುಪಾಲು ಅರಬ್ಬೀ ಮೂಲದವು. ಡೆನೆಬ್ ಎಂದರೆ ಬಾಲ, ಫೋಮಲ್‌ಹಾಟ್ ಎಂದರೆ ಮೀನಿನ ಬಾಯಿ, ಅಕೆರ್ನಾರ್ ಎಂದರೆ ನದಿಯ ಕೊನೆ. ಆದರೆ ಹೆಸರಿನ ಪರದೆ ಸರಿಸಿದರೆ ಕನ್ನಡಿಗರಿಗೆ ಪರಿಚಿತ ಮುಖಗಳೇ ಅಲ್ಲಿ ಸಾಕಷ್ಟಿವೆ: ಅಲ್ಡೆಬರನ್ ನಮ್ಮ ರೋಹಿಣಿ, ಬೆಟೆಲ್‌ಗ್ಯೂಸ್ ಆರ್ದ್ರಾ, ರೆಗ್ಯುಲಸ್ ಮಖಾ, ಸ್ಪೈಕಾ ಚಿತ್ತಾ, ಆರ್ಕ್‌ಟ್ಯೂರಸ್ ಸ್ವಾತಿ, ಅಂಟಾರೆಸ್ ಜ್ಯೇಷ್ಠಾ, ಆಲ್ಟೇರ್ ಶ್ರವಣ, ವೇಗಾ ಅಭಿಜಿತ್, ಕಪೆಲ್ಲಾ ಬ್ರಹ್ಮಹೃದಯ, ಸಿರಿಯಸ್ ಲುಬ್ಧಕ, ಕನೋಪಸ್ ಅಗಸ್ತ್ಯ. ಇಲ್ಲೊಂದು ತಮಾಷೆಯೂ ಇದೆ. ನಮ್ಮ ರೈತರು ಆರಿದ್ರಾ ಮಳೆ, ಮಖೆ ಮಳೆ, ಚಿತ್ತೆ ಮಳೆ ಎಂದು ಎಣಿಸುವಾಗ ಸೂರ್ಯ ಆ ನಕ್ಷತ್ರದಲ್ಲಿದ್ದಾನೆ ಎಂದರ್ಥ. ಅಂದರೆ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ದಿನಗಳಲ್ಲಿ ಸೂರ್ಯನ ಬೆಳಕಿನಲ್ಲಿ ಕಾಣೆಯಾಗಿರುತ್ತದೆ. ಜೂನ್ ಕೊನೆಯಲ್ಲಿ ಆಕಾಶವನ್ನು ಎಷ್ಟು ತಡಕಿದರೂ ಆರ್ದ್ರಾ ಸಿಗದು, ಮೋಡವಿಲ್ಲದಿದ್ದರೂ. ಕೃಷಿಯ ಪಂಚಾಂಗ ಕಾಣದ ನಕ್ಷತ್ರದ ಲೆಕ್ಕವಿಟ್ಟರೆ ಕಡಲಿನ ಪಂಚಾಂಗ ಕಾಣುವ ನಕ್ಷತ್ರದ ಲೆಕ್ಕವಿಡುತ್ತದೆ.

ಈಗ ಲೆಕ್ಕದ ಒಳಗೆ ಹೋಗೋಣ. ಭೂಮಿಯ ಮೇಲೆ ಊರಿಗೆ ಅಕ್ಷಾಂಶ, ರೇಖಾಂಶಗಳಿರುವಂತೆ ನಕ್ಷತ್ರಕ್ಕೂ ಎರಡು ಸಂಖ್ಯೆಗಳಿವೆ. ಮೊದಲನೆಯದು ಕ್ರಾಂತಿ; ಅದು ನಕ್ಷತ್ರ ಯಾವ ಅಕ್ಷಾಂಶದ ಮೇಲೆ ಹಾದುಹೋಗುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯದು ನಕ್ಷತ್ರದ ಕೋನ; ಅದು ಮೇಷ ಬಿಂದು ಎಂದು ಕರೆಯುವ ಆಕಾಶದ ಒಂದು ಗುರುತಿನಿಂದ ಪಶ್ಚಿಮಕ್ಕೆ ಎಣಿಸಿದ ಅಂತರ. ನಕ್ಷತ್ರಗಳು ಒಂದಕ್ಕೊಂದು ಸರಿಯುವುದು ಅತ್ಯಲ್ಪವಾದ್ದರಿಂದ ಈ ಎರಡು ಸಂಖ್ಯೆಗಳು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ತಿರುಗುವುದು ಇಡೀ ಆಕಾಶ, ಅಂದರೆ ನಿಜವಾಗಿ ಭೂಮಿ. ಹಾಗಾಗಿ ಪಂಚಾಂಗವು 57 ನಕ್ಷತ್ರಗಳಿಗೂ ಗಂಟೆ ಗಂಟೆಯ ಲೆಕ್ಕ ಕೊಡುವ ಗೊಡವೆಗೆ ಹೋಗದೆ ಮೇಷ ಬಿಂದು ಒಂದಕ್ಕೇ ಗಂಟೆವಾರು ಸ್ಥಾನ ಕೊಡುತ್ತದೆ. ಅದಕ್ಕೆ ಹಡಗಿನ ಪೂರ್ವ ರೇಖಾಂಶವನ್ನು ಕೂಡಿಸಿದರೆ ಆ ಕ್ಷಣದಲ್ಲಿ ಹಡಗಿನ ಮೇಲಿನ ಆಕಾಶ ಎಷ್ಟು ತಿರುಗಿ ನಿಂತಿದೆ ಎಂಬ ಒಂದೇ ಒಂದು ಸಂಖ್ಯೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 31 ಡಿಗ್ರಿ 30 ಕಲೆ. ಆಕಾಶದ ಬೀಗಕ್ಕೆ ಈ ಸಂಖ್ಯೆಯೇ ಕೀಲಿಕೈ. ಅದು ಗೊತ್ತಾದರೆ ಪ್ರತಿ ನಕ್ಷತ್ರದ ಉನ್ನತಿಯನ್ನೂ, ಉತ್ತರದಿಂದ ಪೂರ್ವದ ಕಡೆಗೆ ತಿರುಗುತ್ತ ಎಣಿಸುವ ದಿಕ್ಕಿನ ಕೋನವಾದ ದಿಗಂಶವನ್ನೂ ತ್ರಿಕೋನಮಿತಿಯಿಂದ ಪಡೆಯಬಹುದು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ: ಹಡಗು ಎಲ್ಲಿದೆ ಎಂದು ತಿಳಿಯಲೆಂದೇ ನಕ್ಷತ್ರವನ್ನು ಅಳೆಯುವಾಗ, ನಕ್ಷತ್ರವನ್ನು ಹುಡುಕಲು ಹಡಗಿನ ಸ್ಥಾನ ಬೇಕು ಎನ್ನುವುದು ಸುತ್ತಿ ಬಳಸಿ ಅಲ್ಲಿಗೇ ಬಂದಂತಲ್ಲವೇ? ಉತ್ತರ ಇರುವುದು ಬೇಕಾದ ನಿಖರತೆಯ ಅಂತರದಲ್ಲಿ. ನಿನ್ನೆಯ ಸ್ಥಾನದಿಂದ ವೇಗ, ದಿಕ್ಕು, ಕಾಲಗಳನ್ನು ಹಿಡಿದು ಮಾಡಿದ ಅಂದಾಜು 60 ನಾಟಿಕಲ್ ಮೈಲಿ ತಪ್ಪಿದ್ದರೂ ನಕ್ಷತ್ರದ ಉನ್ನತಿಯಲ್ಲಿ ಆಗುವ ವ್ಯತ್ಯಾಸ ಹೆಚ್ಚೆಂದರೆ ಒಂದು ಡಿಗ್ರಿ. ಕೈಯನ್ನು ನೀಳವಾಗಿ ಚಾಚಿ ಹಿಡಿದ ಬೆರಳಿನ ಅಗಲಕ್ಕಿಂತ ಅದು ಕಡಿಮೆ. ಗುರುತಿಸುವುದಕ್ಕೆ ಅಷ್ಟು ಸಾಕೋಸಾಕು. ಅಂದಾಜು ಸ್ಥಾನ ನಕ್ಷತ್ರವನ್ನು ಡಿಗ್ರಿಯ ಮಟ್ಟಿಗೆ ತೋರಿಸುತ್ತದೆ. ನಕ್ಷತ್ರ ಪ್ರತಿಯಾಗಿ ಸ್ಥಾನವನ್ನು ಕಲೆಯ ಮಟ್ಟಿಗೆ ತಿದ್ದಿಕೊಡುತ್ತದೆ.

ಲೆಕ್ಕವನ್ನು ಕೈಯಾರೆ ಮಾಡುವ ಶ್ರಮ ತಪ್ಪಿಸಲು ಸ್ಟಾರ್ ಫೈಂಡರ್ ಎಂಬ ಬಿಲ್ಲೆ ಇದೆ. 2102-ಡಿ ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಅದರಲ್ಲಿ ಒಂದು ಬಿಳಿಯ ತಟ್ಟೆಯ ಎರಡು ಮುಖಗಳಲ್ಲಿ ಉತ್ತರ, ದಕ್ಷಿಣ ಧ್ರುವಗಳನ್ನು ನಡುವಿನಲ್ಲಿಟ್ಟು 57 ನಕ್ಷತ್ರಗಳನ್ನು ಅಚ್ಚು ಮಾಡಿರುತ್ತಾರೆ. ಅದರ ಮೇಲೆ ಕೂರಿಸಲು 5, 15, 25 ಎಂದು ಹತ್ತು ಹತ್ತು ಡಿಗ್ರಿ ಅಕ್ಷಾಂಶಕ್ಕೊಂದರಂತೆ ಪಾರದರ್ಶಕ ಹಾಳೆಗಳು. 13 ಡಿಗ್ರಿ ಉತ್ತರಕ್ಕೆ 15ರ ಹಾಳೆ. ಅದರ ಬಾಣವನ್ನು 31 ಡಿಗ್ರಿ 30 ಕಲೆಗೆ ತಿರುಗಿಸಿದರೆ ಹಾಳೆಯ ಜಾಲದೊಳಗೆ ಬಿದ್ದ ನಕ್ಷತ್ರಗಳೇ ಸಂಜೆ ದಿಗಂತದ ಮೇಲಿರುವ ನಕ್ಷತ್ರಗಳು. ಗೆರೆಗಳಿಂದಲೇ ಉನ್ನತಿ, ದಿಗಂಶ ಓದಿಕೊಳ್ಳಬಹುದು. ಪಬ್ಲಿಕೇಷನ್ 249 ಎಂಬ ಕೋಷ್ಟಕದ ಮೊದಲ ಸಂಪುಟ ಇನ್ನೂ ಮುಂದೆ ಹೋಗಿ, ಆಯಾ ಅಕ್ಷಾಂಶಕ್ಕೂ ಆಕಾಶದ ಆಯಾ ತಿರುವಿಗೂ ಹೊಂದುವ ಏಳು ನಕ್ಷತ್ರಗಳನ್ನು ತಾನೇ ಆರಿಸಿ ಅವುಗಳಲ್ಲಿ ಉತ್ತಮವಾದ ಮೂರಕ್ಕೆ ಗುರುತು ಹಾಕಿಕೊಡುತ್ತದೆ.

ನಮ್ಮ ಜನವರಿ 15ರ ಸಂಜೆಗೆ ಲೆಕ್ಕ ಹಾಕಿದರೆ ಬರುವುದು ಹೀಗೆ. ಈಶಾನ್ಯದಲ್ಲಿ, ದಿಗಂಶ 41ರಲ್ಲಿ, ಬ್ರಹ್ಮಹೃದಯ 38 ಡಿಗ್ರಿ ಎತ್ತರ. ಪೂರ್ವಕ್ಕೆ ತುಸು ದಕ್ಷಿಣ, ದಿಗಂಶ 112ರಲ್ಲಿ, ಮಹಾವ್ಯಾಧನ ಕಾಲಿನ ನೀಲಿಬಿಳಿ ನಕ್ಷತ್ರ ರೈಜೆಲ್, ಅದೂ 38 ಡಿಗ್ರಿ. ಬಹುತೇಕ ನೇರ ದಕ್ಷಿಣದಲ್ಲಿ ಅಕೆರ್ನಾರ್ 20 ಡಿಗ್ರಿ. ನೈರುತ್ಯದಲ್ಲಿ ಫೋಮಲ್‌ಹಾಟ್ 28 ಡಿಗ್ರಿ. ವಾಯವ್ಯದಲ್ಲಿ, ದಿಗಂಶ 314ರಲ್ಲಿ, ಡೆನೆಬ್ 15 ಡಿಗ್ರಿಗಿಂತ ತುಸು ಮೇಲೆ. ನಕ್ಷತ್ರಗಳು ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಹುಟ್ಟುತ್ತ ವರ್ಷ ಕಳೆದಾಗ ಮತ್ತೆ ಅದೇ ಜಾಗಕ್ಕೆ ಬರುವುದರಿಂದ ಈ ಪಟ್ಟಿ ಯಾವ ವರ್ಷದ ಜನವರಿ 15ಕ್ಕಾದರೂ ಡಿಗ್ರಿಯ ಮಟ್ಟಿಗೆ ಸರಿಹೊಂದುತ್ತದೆ. ಐದೂ ಬೇರೆ ಬೇರೆ ದಿಕ್ಕಿನಲ್ಲಿರುವುದನ್ನು ಗಮನಿಸಬೇಕು: ಒಂದೇ ಕಡೆಯ ಎರಡು ನಕ್ಷತ್ರಗಳಿಂದ ಎಳೆದ ಗೆರೆಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಓಡುವುದರಿಂದ ಅವು ಕತ್ತರಿಸುವ ಜಾಗ ಮಸುಕಾಗುತ್ತದೆ. ಅಗಸ್ತ್ಯ ಆಕಾಶದ ಎರಡನೆಯ ಅತಿ ಪ್ರಕಾಶದ ನಕ್ಷತ್ರವಾದರೂ ಆ ಹೊತ್ತಿಗೆ ಕೇವಲ 4 ಡಿಗ್ರಿ ಎತ್ತರದಲ್ಲಿರುವುದರಿಂದ ಅದನ್ನು ಬಿಡುವುದು ಲೇಸು; ಅಷ್ಟು ಕೆಳಗೆ ವಾತಾವರಣ ಬೆಳಕನ್ನು ಬಗ್ಗಿಸುವ ಪ್ರಮಾಣ ಹೆಚ್ಚು, ನಂಬಿಕೆ ಕಡಿಮೆ.

ಈಗ ಹಡಗಿನ ಮೇಲಟ್ಟಕ್ಕೆ ಬರೋಣ. ಸಂಜೆಗತ್ತಲು ಮೊದಲು ಕವಿಯುವುದು ಪೂರ್ವಕ್ಕೆ. ಅಲ್ಲಿಯ ನಕ್ಷತ್ರಗಳು ಮೊದಲು ಮೂಡುತ್ತವೆ, ಅಲ್ಲಿಯ ದಿಗಂತವೇ ಮೊದಲು ಅಳಿಸಿಹೋಗುತ್ತದೆ. ಆದ್ದರಿಂದ ನಾವಿಕ ಬ್ರಹ್ಮಹೃದಯದಿಂದ ಆರಂಭಿಸುತ್ತಾನೆ. ಬರಿಗಣ್ಣಿಗೆ ಅದು ಇನ್ನೂ ಕಂಡಿರಲಿಕ್ಕಿಲ್ಲ. ಸೆಕ್ಸ್ಟೆಂಟಿನ ತೋಳನ್ನು ಮೊದಲೇ 38 ಡಿಗ್ರಿಗೆ ಇಟ್ಟು, ದಿಕ್ಸೂಚಿ ನೋಡಿ ಈಶಾನ್ಯಕ್ಕೆ ತಿರುಗಿ, ಆಕಾಶದ ಗೊಡವೆಗೇ ಹೋಗದೆ ದಿಗಂತವನ್ನು ದೂರದರ್ಶಕದಲ್ಲಿ ನಿಧಾನವಾಗಿ ಸವರುತ್ತಾನೆ. ಮೇಲಿನ ಕನ್ನಡಿ 38 ಡಿಗ್ರಿ ಎತ್ತರದ ಆಕಾಶವನ್ನು ಕೆಳಗಿಳಿಸಿ ದಿಗಂತದ ಪಕ್ಕ ತಂದಿರುವುದರಿಂದ, ಬೂದುನೀಲಿ ಗೆರೆಯ ಆಸುಪಾಸಿನಲ್ಲಿ ಒಂದು ಸೂಜಿಮೊನೆಯಷ್ಟು ಬೆಳಕು ಥಟ್ಟನೆ ಸಿಗುತ್ತದೆ. ಸಣ್ಣ ತಿರುಪನ್ನು ತಿರುಗಿಸುತ್ತ ಆ ಚುಕ್ಕಿಯನ್ನು ಗೆರೆಗೆ ತಂದು, ಉಪಕರಣವನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ವಾಲಿಸಿದಾಗ ಚುಕ್ಕಿ ತೊಟ್ಟಿಲಿನಂತೆ ಕಮಾನಾಗಿ ತೂಗುತ್ತದೆ; ತೂಗಿನ ಅತಿ ಕೆಳಗಿನ ಬಿಂದು ಗೆರೆಯನ್ನು ಮುಟ್ಟಿ ಮುಟ್ಟದಂತಾದ ಕ್ಷಣದಲ್ಲಿ ಆತ ಕೂಗಿ ಹೇಳುತ್ತಾನೆ, ಗಡಿಯಾರದ ಬಳಿ ನಿಂತವನು ಸೆಕೆಂಡು ಬರೆದುಕೊಳ್ಳುತ್ತಾನೆ. ನಾಲ್ಕು ಸೆಕೆಂಡು ತಪ್ಪಿದರೆ ರೇಖಾಂಶದಲ್ಲಿ ಒಂದು ಕಲೆ ತಪ್ಪಿದಂತೆ. ಹೀಗೆ ಸಿಕ್ಕ ಚುಕ್ಕಿ ಲೆಕ್ಕ ಹಾಕಿದ ದಿಕ್ಕಿನಲ್ಲಿ, ಲೆಕ್ಕ ಹಾಕಿದ ಎತ್ತರದಲ್ಲಿ ಇತ್ತು ಎಂಬುದೇ ಅದರ ಗುರುತಿನ ಚೀಟಿ.

ಗ್ರಹಗಳು ಈ ಅಚ್ಚುಕಟ್ಟಿಗೆ ಬಗ್ಗುವುದಿಲ್ಲ. ಅವು ನಕ್ಷತ್ರಗಳ ನಡುವೆ ಅಲೆಯುವುದರಿಂದ ಅವುಗಳಿಗೆ ಬಿಲ್ಲೆಯ ಮೇಲೆ ಖಾಯಂ ಜಾಗವಿಲ್ಲ. ಪಂಚಾಂಗವು ನಾಲ್ಕಕ್ಕೂ ಗಂಟೆವಾರು ಸ್ಥಾನ ಕೊಡುತ್ತದೆ, ನಾವಿಕ ಅದನ್ನು ಪೆನ್ಸಿಲಿನಿಂದ ಬಿಲ್ಲೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ಆದರೂ ಅವು ಎಲ್ಲೆಂದರಲ್ಲಿ ಹೋಗಲಾರವು. ಸೂರ್ಯ ವರ್ಷವಿಡೀ ಸಾಗುವ ಕ್ರಾಂತಿವೃತ್ತದ ಇಕ್ಕೆಲದ ಕಿರಿದಾದ ಪಟ್ಟಿಯೊಳಗೇ, ಅಂದರೆ ನಮ್ಮ ಹನ್ನೆರಡು ರಾಶಿಗಳ ದಾರಿಯಲ್ಲೇ, ಅವುಗಳ ಓಡಾಟ. ದೂರದ ಉತ್ತರದಲ್ಲೋ ತೀರ ದಕ್ಷಿಣದಲ್ಲೋ ಕಂಡ ಚುಕ್ಕಿ ಎಷ್ಟೇ ಹೊಳೆಯುತ್ತಿರಲಿ, ಗ್ರಹವಾಗಲು ಸಾಧ್ಯವಿಲ್ಲ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗದ್ದರಿಂದ ಮುಸ್ಸಂಜೆಯಲ್ಲಿ ಪೂರ್ವದಲ್ಲಿ ಹೊಳೆಯುವುದು ಶುಕ್ರನಲ್ಲ. ಗ್ರಹ ಮಿನುಗುವುದಿಲ್ಲ, ನಕ್ಷತ್ರ ಮಿನುಗುತ್ತದೆ ಎಂಬ ಶಾಲೆಯ ಪಾಠ ಬಹುಮಟ್ಟಿಗೆ ನಿಜವಾದರೂ ದಿಗಂತದ ಹತ್ತಿರ ಗ್ರಹವೂ ಮಿನುಗುತ್ತದೆ. ಅದೊಂದನ್ನೇ ನಂಬಿ ಹಡಗು ನಡೆಸಬಾರದು.

2026ರ ಜನವರಿ 15ರ ಸಂಜೆಯನ್ನೇ ತೆಗೆದುಕೊಂಡರೆ ಗ್ರಹಗಳು ಎಷ್ಟು ಸುಲಭವಾಗಿ ಏಮಾರಿಸಬಲ್ಲವು ಎಂಬುದು ಕಾಣುತ್ತದೆ. ಶುಕ್ರ, ಮಂಗಳ ಎರಡೂ ಅದರ ಹಿಂದಿನ ವಾರವಷ್ಟೇ ಸೂರ್ಯನ ಹಿಂಬದಿಗೆ ಸರಿದಿದ್ದರಿಂದ ಲೆಕ್ಕಕ್ಕಿಲ್ಲ. ಗುರು ಜನವರಿ 10ಕ್ಕೆ ಸೂರ್ಯನ ನೇರ ಎದುರಿಗೆ ಬಂದಿತ್ತು, ಹಾಗಾಗಿ ಸಂಜೆಯಾಗುತ್ತಿದ್ದಂತೆ ಪೂರ್ವದಲ್ಲಿ ಮೂಡಿ, ನಮ್ಮ ಹಡಗಿಗೆ ದಿಗಂಶ 70ರಲ್ಲಿ ಸುಮಾರು 15 ಡಿಗ್ರಿ ಎತ್ತರದಲ್ಲಿ ಇತ್ತು. ಅದೇ ಕ್ಷಣದಲ್ಲಿ ಆಕಾಶದ ಅತ್ಯಂತ ಪ್ರಕಾಶದ ನಕ್ಷತ್ರವಾದ ಲುಬ್ಧಕವೂ ಪೂರ್ವದಲ್ಲೇ, ದಿಗಂಶ 111ರಲ್ಲಿ, ಅದೇ 15 ಡಿಗ್ರಿ ಎತ್ತರದಲ್ಲಿ! ಎತ್ತರವನ್ನಷ್ಟೇ ನೋಡಿದವನಿಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಪೂರ್ವದಲ್ಲಿ ತೆಳುಮೋಡವಿದ್ದು ಒಂದೇ ಚುಕ್ಕಿ ಕಂಡಿದ್ದರೆ, ಯಾವುದೆಂದು ಹೇಳುವುದು ದಿಕ್ಸೂಚಿಯ ಕೆಲಸ. ಪ್ರಕಾಶದಲ್ಲಿ ಗುರು ಮೂರು ಪಟ್ಟು ಹೆಚ್ಚು ಎಂಬುದು ನಿಜ, ಆದರೆ ಹೋಲಿಸಲು ಪಕ್ಕದಲ್ಲಿ ಇನ್ನೊಂದಿಲ್ಲದಿದ್ದಾಗ, ಅದೂ ಮೋಡದ ಮೂಲಕ ನೋಡುವಾಗ, ಮೂರು ಪಟ್ಟು ಎಂಬುದನ್ನು ಯಾವ ಕಣ್ಣೂ ಅಳೆಯಲಾರದು. ಆಕಾಶದ ಇನ್ನೊಂದು ಬದಿಯಲ್ಲಿ ಶನಿ ಮತ್ತು ಫೋಮಲ್‌ಹಾಟ್ ಇದೇ ಆಟ ಹೂಡಿದ್ದವು: ಎರಡೂ ಪಶ್ಚಿಮ-ದಕ್ಷಿಣದ ನಡುವೆ, ಎರಡೂ ಹೆಚ್ಚುಕಡಿಮೆ ಒಂದೇ ಪ್ರಕಾಶ. ಅಲ್ಲಿ ಮಾತ್ರ ಎತ್ತರ ನೆರವಿಗೆ ಬರುತ್ತಿತ್ತು, ಏಕೆಂದರೆ ಶನಿ 53 ಡಿಗ್ರಿಯಷ್ಟು ಮೇಲಿತ್ತು.

ನಾಟಿಕಲ್ ಆಲ್ಮನ್ಯಾಕ್ ಇಂಥ ಗೊಂದಲಗಳನ್ನು ಮೊದಲೇ ಊಹಿಸಿ ವರ್ಷದ ಆರಂಭದ ಪುಟಗಳಲ್ಲಿ ಎರಡು ಉಪಕಾರಗಳನ್ನು ಮಾಡುತ್ತದೆ. ಒಂದು, ಪ್ರತಿ ಗ್ರಹವೂ ಯಾವ ದಿನ ಎಷ್ಟು ಗಂಟೆಗೆ ನೆತ್ತಿಯ ಉತ್ತರ-ದಕ್ಷಿಣ ಗೆರೆಯನ್ನು ದಾಟುತ್ತದೆ ಎಂದು ತೋರಿಸುವ ನಕ್ಷೆ. ಅದರಲ್ಲಿ ಸೂರ್ಯನ ಗೆರೆಯ ಎರಡೂ ಬದಿಗೆ 45 ನಿಮಿಷದ ಕಪ್ಪು ಪಟ್ಟೆ ಬಳಿದಿರುತ್ತಾರೆ, ಅದರೊಳಗೆ ಸಿಕ್ಕ ಗ್ರಹ ಸೂರ್ಯನಿಗೆ ತೀರ ಹತ್ತಿರವಾದ್ದರಿಂದ ಅಳತೆಗೆ ಸಿಗದು. ದಿನದ ಪುಟಗಳಲ್ಲಿ ಜಾಗವಿಲ್ಲದ ಬುಧನಿಗೂ ಈ ನಕ್ಷೆಯಲ್ಲಿ ಗೆರೆಯಿದೆ, ಬುಧನನ್ನು ಬೇರೆ ಗ್ರಹವೆಂದು ತಪ್ಪು ತಿಳಿಯಬಾರದೆಂಬ ಕಾರಣಕ್ಕೆ. ಎರಡನೆಯದು, ಗೊಂದಲ ಮಾಡಿಕೊಳ್ಳಬೇಡಿ ಎಂಬ ತಲೆಬರಹದ ಪುಟ್ಟ ಟಿಪ್ಪಣಿ: ಇಂಥ ತಿಂಗಳಲ್ಲಿ ಇಂಥ ಗ್ರಹ ಇಂಥದರ ಹತ್ತಿರ ಬರುತ್ತದೆ, ಎರಡರಲ್ಲಿ ಹೆಚ್ಚು ಪ್ರಕಾಶದ್ದು ಇದು ಎಂದು. ನನ್ನ ಮಟ್ಟಿಗೆ ಇಡೀ ಪಂಚಾಂಗದಲ್ಲಿ ಅತ್ಯಂತ ಮನುಷ್ಯಸಹಜವಾದ ಭಾಗ ಅದು. ಸಂಖ್ಯೆಗಳ ರಾಶಿಯ ನಡುವೆ ಯಾರೋ ಹಿರಿಯರು ಕಿವಿ ಹಿಂಡಿ ಹೇಳಿದಂತಿರುತ್ತದೆ.

ಎಷ್ಟೇ ಸಿದ್ಧತೆ ಮಾಡಿಕೊಂಡರೂ ಮೋಡ ಅದನ್ನು ಕೆಡಿಸಬಹುದು. ಆರಿಸಿಟ್ಟ ಐದೂ ನಕ್ಷತ್ರಗಳು ಮರೆಯಾಗಿ, ಮೋಡದ ಬಿರುಕಿನಲ್ಲಿ ಒಂದೇ ಒಂದು ಹೆಸರಿಲ್ಲದ ಚುಕ್ಕಿ ಎರಡು ನಿಮಿಷ ಕಾಣಿಸಿಕೊಂಡರೆ? ಅನುಭವಿಗಳು ಹೆಸರಿಗಾಗಿ ಕಾಯದೆ ಮೊದಲು ಉನ್ನತಿ ಅಳೆದು, ಸಮಯ ಬರೆದು, ದಿಕ್ಸೂಚಿಯಲ್ಲಿ ದಿಗಂಶ ನೋಡಿಡುತ್ತಾರೆ. ಹೆಸರನ್ನು ಆಮೇಲೆ ಮೇಜಿನ ಮುಂದೆ ಕುಳಿತು ಹುಡುಕಬಹುದು, ಏಕೆಂದರೆ ಅದೇ ತ್ರಿಕೋನವನ್ನು ಹಿಂದುಮುಂದಾಗಿ ಬಿಡಿಸಲು ಬರುತ್ತದೆ. ಅದೇ ಸಂಜೆ ಒಂದು ಅಪರಿಚಿತ ಚುಕ್ಕಿ 38 ಡಿಗ್ರಿ ಎತ್ತರದಲ್ಲಿ, ದಿಗಂಶ 112ರಲ್ಲಿ ಸಿಕ್ಕಿತೆನ್ನೋಣ. ಹಡಗಿನ ಅಂದಾಜು ಅಕ್ಷಾಂಶವನ್ನು ಸೇರಿಸಿ ಲೆಕ್ಕ ಮಾಡಿದರೆ ಅದರ ಕ್ರಾಂತಿ ದಕ್ಷಿಣಕ್ಕೆ ಎಂಟೂವರೆ ಡಿಗ್ರಿ, ನಕ್ಷತ್ರದ ಕೋನ 281 ಡಿಗ್ರಿ ಎಂದು ಬರುತ್ತದೆ. ಪಟ್ಟಿಯಲ್ಲಿ ಕ್ರಾಂತಿ ಇದಕ್ಕೆ ಸಮೀಪವಿರುವ ಆಲ್‌ಫಾರ್ಡ್ ಎಂಬ ನಕ್ಷತ್ರವೂ ಇದೆ, ಆದರೆ ಅದರ ಕೋನ 218. ಎರಡೂ ಸಂಖ್ಯೆ ಒಟ್ಟಿಗೆ ಹೊಂದುವುದು ರೈಜೆಲ್‌ಗೆ ಮಾತ್ರ. ದಿಕ್ಸೂಚಿಯ ಓದು ಒಂದೆರಡು ಡಿಗ್ರಿ ಅತ್ತಿತ್ತ ಇರುವುದರಿಂದ ಉತ್ತರವೂ ಅಷ್ಟೇ ಅತ್ತಿತ್ತ ಇರುತ್ತದೆ, ಆದರೆ 57 ನಕ್ಷತ್ರಗಳು ಅಷ್ಟು ಒತ್ತೊತ್ತಾಗಿ ಇಲ್ಲದ ಕಾರಣ ಅದು ತೊಡಕಾಗುವುದಿಲ್ಲ. ಯಾವ ನಕ್ಷತ್ರಕ್ಕೂ ಹೊಂದದಿದ್ದರೆ ಗ್ರಹದ ಸಾಲುಗಳನ್ನು ನೋಡಬೇಕು.

ತೊಡಕಾಗುವುದು ಆರಂಭದಲ್ಲಿ ಹೇಳಿದ ಜೋಡಿಗಳಲ್ಲಿ. ದಕ್ಷಿಣದ ರಿಜಿಲ್ ಕೆಂಟ್ ಮತ್ತು ಹಡರ್ ಕೂಡ ನಾಲ್ಕೂವರೆ ಡಿಗ್ರಿಗಿಂತ ಕಡಿಮೆ ಅಂತರದ ಪ್ರಕಾಶಮಾನ ನಕ್ಷತ್ರಗಳು, ಮತ್ತು ಕ್ಯಾಸ್ಟರ್‌ನಂತೆ ಇಲ್ಲಿ ಒಂದನ್ನು ಕೈಬಿಟ್ಟಿಲ್ಲ, ಎರಡೂ 57ರೊಳಗಿವೆ. ಮೋಡ ಒಂದನ್ನು ಮುಚ್ಚಿದರೆ ಇನ್ನೊಂದಕ್ಕೆ ಅದರ ಹೆಸರು ಬೀಳಬಹುದು. ಹೀಗಾದಾಗ ಬರುವ ತಪ್ಪು ನೂರಾರು ಮೈಲಿಯದಾದ್ದರಿಂದ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ, ಆದರೆ ದಿನಗಟ್ಟಲೆ ಮೋಡ ಕವಿದು ಅಂದಾಜು ಸ್ಥಾನವೇ ಸಡಿಲವಾಗಿದ್ದಾಗ ಅಷ್ಟು ನಿಶ್ಚಿಂತೆಯಿಂದ ಇರುವಂತಿಲ್ಲ. ಕೆಂಪನೆಯ ಜ್ಯೇಷ್ಠಾ ನಕ್ಷತ್ರದ ಸಮೀಪ ಕೆಂಪನೆಯ ಮಂಗಳ ಬಂದು ನಿಲ್ಲುವುದು ಇನ್ನೊಂದು ಪ್ರಸಿದ್ಧ ಬಲೆ. ಅಂಟಾರೆಸ್ ಎಂಬ ಗ್ರೀಕ್ ಹೆಸರಿನ ಅರ್ಥವೇ ಮಂಗಳನ ಎದುರಾಳಿ. ಆಕೃತಿ ನೋಡಿ ಗುರುತಿಸುವವರಿಗೂ ಬಲೆಯುಂಟು. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ನಮ್ಮ ಕರಾವಳಿಯಿಂದ ದಕ್ಷಿಣಕ್ಕೆ ತಗ್ಗಿನಲ್ಲಿ ಕಾಣುವ ತ್ರಿಶಂಕು, ಅಂದರೆ ದಕ್ಷಿಣದ ಶಿಲುಬೆ, ಇನ್ನೂ ಮೇಲೇರುವ ಮೊದಲೇ ಅದರ ಪಶ್ಚಿಮಕ್ಕೆ ಅದಕ್ಕಿಂತ ದೊಡ್ಡದಾದ, ತುಸು ಮಸುಕಾದ ಹುಸಿ ಶಿಲುಬೆಯೊಂದು ಕಾಣುತ್ತದೆ. ನಿಜವಾದದ್ದಕ್ಕೆ ಸಾಕ್ಷಿಯೆಂದರೆ ಅದರ ಪೂರ್ವಕ್ಕಿರುವ ಅದೇ ರಿಜಿಲ್ ಕೆಂಟ್, ಹಡರ್ ಜೋಡಿ.

ಧ್ರುವನ ಮಾತು ಬೇರೆ. ಅವನ ಉನ್ನತಿ ಹೆಚ್ಚುಕಡಿಮೆ ನಮ್ಮ ಅಕ್ಷಾಂಶಕ್ಕೇ ಸಮ. ಅರಬ್ಬೀ ಸಮುದ್ರದ ನಾವಿಕರು ಸೆಕ್ಸ್ಟೆಂಟ್ ಹುಟ್ಟುವ ಎಷ್ಟೋ ಮೊದಲೇ ಕಮಾಲ್ ಎಂಬ ಸಣ್ಣ ಮರದ ಹಲಗೆಯಿಂದ ಅವನನ್ನು ಅಳೆಯುತ್ತಿದ್ದರು. ಹಲಗೆಯ ನಡುವಿನಿಂದ ಹೊರಟ ಗಂಟುಗಳ ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವನಿಗೂ ತಾಗುವಂತೆ ಹಿಡಿದು, ಯಾವ ಗಂಟಿಗೆ ಸರಿಹೋಯಿತು ಎಂಬುದರಿಂದ ಬಂದರಿನ ಅಕ್ಷಾಂಶ ತಿಳಿಯುತ್ತಿದ್ದರು. ಅವರ ಮಾನ ಬೆರಳು, ಒಂದು ಬೆರಳು ನಮ್ಮ ಸುಮಾರು 1.6 ಡಿಗ್ರಿ. ಆದರೆ ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಬುಗುರಿಯಂತೆ ಸುತ್ತು ಹಾಕುವುದರಿಂದ ಧ್ರುವ ನಕ್ಷತ್ರವು ಧ್ರುವಬಿಂದುವಿಗೆ ಈಗ ಇರುವಷ್ಟು ಹತ್ತಿರ ಆಗ ಇರಲಿಲ್ಲ. ಈಗ ಅಂತರ 0.6 ಡಿಗ್ರಿಯಷ್ಟು, 1500ರ ಆಸುಪಾಸಿನಲ್ಲಿ ಸುಮಾರು ಮೂರೂವರೆ ಡಿಗ್ರಿ. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳ 14 ಡಿಗ್ರಿ ಉತ್ತರದಲ್ಲಿದೆ. ಅಲ್ಲಿಂದ ನೋಡಿದರೆ ಆ ಕಾಲದ ಧ್ರುವ ಒಂದೇ ದಿನದೊಳಗೆ ಹತ್ತೂವರೆ ಡಿಗ್ರಿಗೂ ಹದಿನೇಳೂವರೆ ಡಿಗ್ರಿಗೂ ನಡುವೆ ಏರಿಳಿಯುತ್ತಿದ್ದ. ಅವನು ತನ್ನ ಪುಟ್ಟ ವೃತ್ತದಲ್ಲಿ ಮೇಲಿದ್ದಾನೋ ಕೆಳಗಿದ್ದಾನೋ ಎಂದು ತಿಳಿಯದೆ ಅಳೆದರೆ ತಪ್ಪು 210 ನಾಟಿಕಲ್ ಮೈಲಿಯವರೆಗೂ ಹೋಗಬಹುದಿತ್ತು. ಹಾಗಾಗಿ ಆ ನಾವಿಕರಿಗೂ ಧ್ರುವನನ್ನು ಗುರುತಿಸಿದರಷ್ಟೇ ಸಾಲುತ್ತಿರಲಿಲ್ಲ. ಆಕಾಶ ಎಷ್ಟು ತಿರುಗಿ ನಿಂತಿದೆ ಎಂಬ ಅದೇ ಪ್ರಶ್ನೆಗೆ ಉತ್ತರವೂ ಬೇಕಿತ್ತು. ಪಬ್ಲಿಕೇಷನ್ 249ರ ನಕ್ಷತ್ರ ಸಂಪುಟವನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಅಚ್ಚು ಹಾಕುವುದೂ ಈ ಬುಗುರಿ ಚಲನೆಯ ಕಾರಣಕ್ಕೇ.

ಉಪಗ್ರಹಗಳು ಮೀಟರಿನ ಮಟ್ಟಿಗೆ ಸ್ಥಾನ ಹೇಳುವ ಈ ಕಾಲದಲ್ಲೂ ವಾಣಿಜ್ಯ ಹಡಗುಗಳ ಅಧಿಕಾರಿಗಳು ಇದನ್ನು ಕಲಿಯುತ್ತಾರೆ. ಕೆಲವು ವರ್ಷ ಪಾಠವನ್ನು ಕೈಬಿಟ್ಟಿದ್ದ ಅಮೆರಿಕದ ನೌಕಾ ಅಕಾಡೆಮಿ 2015ರಲ್ಲಿ ಅದನ್ನು ಮರಳಿ ತಂದಿತು. ಉಪಗ್ರಹದ ಸಂಕೇತವನ್ನು ಅಡ್ಡಗಟ್ಟಬಹುದು, ನಕಲಿ ಮಾಡಬಹುದು. ಉಪಗ್ರಹದ ನೆರವಿಲ್ಲದೆ ಸೆಕ್ಸ್ಟೆಂಟ್ ಮತ್ತು ಕಾಗದದ ನಕ್ಷೆಗಳಿಂದಲೇ ಒಬ್ಬಂಟಿಯಾಗಿ ಭೂಮಿ ಸುತ್ತಬೇಕೆಂಬ ನಿಯಮದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಭಾರತದ ಅಭಿಲಾಷ್ ಟಾಮಿ 2023ರ ಏಪ್ರಿಲ್‌ನಲ್ಲಿ ಎರಡನೆಯ ಸ್ಥಾನ ಪಡೆದರು.

ಸೆಕ್ಸ್ಟೆಂಟ್ ಇಲ್ಲದೆಯೂ ಇದನ್ನು ಪರೀಕ್ಷಿಸಿ ನೋಡಬಹುದು. ಕೈಯನ್ನು ನೀಳವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಯಾವುದಾದರೂ ವರ್ಷದ ಜನವರಿ 15ರಂದು ಸಂಜೆ 7 ಗಂಟೆಗೆ ಮಂಗಳೂರಿನ ಕಡಲ ತೀರದಲ್ಲಿ ನಿಂತರೆ, ಈಶಾನ್ಯದಲ್ಲಿ ನಾಲ್ಕು ಮುಷ್ಟಿಗಿಂತ ತುಸು ಕಡಿಮೆ ಎತ್ತರಕ್ಕೆ ಬ್ರಹ್ಮಹೃದಯ ಇರಬೇಕು. ಕಡಲಿಗೆ ಮುಖ ಮಾಡಿ, ಎಡಗಡೆ ದಡದ ಗೆರೆ ಹಿಡಿದು ದಕ್ಷಿಣಕ್ಕೆ ನೋಡಿದರೆ ಎರಡು ಮುಷ್ಟಿಯ ಮೇಲೆ ಅಕೆರ್ನಾರ್. ಕಡಲಿನ ಮೇಲೆ ನೈರುತ್ಯಕ್ಕೆ ಮೂರು ಮುಷ್ಟಿಯ ಹತ್ತಿರ ಫೋಮಲ್‌ಹಾಟ್, ವಾಯವ್ಯಕ್ಕೆ ಒಂದೂವರೆ ಮುಷ್ಟಿಯಲ್ಲಿ ಡೆನೆಬ್. ಧ್ರುವ ಮಾತ್ರ ಆ ಬೆಳಕಿಗೆ ಕಣ್ಣಿಗೆ ಬೀಳುವುದು ಕಷ್ಟ. ಎಲ್ಲರಿಗೂ ಹೆಸರು ಗೊತ್ತಿರುವ ಆ ನಕ್ಷತ್ರದ ಪ್ರಕಾಶ ಎರಡನೆಯ ದರ್ಜೆಯದು. ಅವನು ಬರಿಗಣ್ಣಿಗೆ ಚೆನ್ನಾಗಿ ಕಾಣುವ ಹೊತ್ತಿಗೆ ದಿಗಂತ ಕರಗಿಹೋಗುತ್ತಿರುತ್ತದೆ. ಆದರೆ ಆಚೆ ಕಡಲಿನಲ್ಲಿರುವ ಹಡಗಿನ ಮೇಲೆ, ಸೆಕ್ಸ್ಟೆಂಟಿನ ತೋಳನ್ನು 13 ಡಿಗ್ರಿ 36 ಕಲೆಗೆ ಇಟ್ಟು ಉತ್ತರಕ್ಕೆ ತಿರುಗಿ ಕಾಯುತ್ತಿರುವವನ ದೂರದರ್ಶಕದಲ್ಲಿ ಅವನು ಅದಕ್ಕೆ ಎಷ್ಟೋ ಮೊದಲೇ ದಿಗಂತದ ಗೆರೆಯ ಮೇಲೆ ಬಂದು ಕುಳಿತಿರುತ್ತಾನೆ.